ಕನ್ನಡ ಅಡುಗೆ ಬ್ಲಾಗಿನ ಜಾಹೀರಾತು ಆದಾಯ: ಎಲ್ಲಿ ಸೋರುತ್ತದೆ, ಹೇಗೆ ಹೆಚ್ಚಿಸುವುದು

ಕನ್ನಡದಲ್ಲಿ ಅಡುಗೆ ಬ್ಲಾಗ್ ನಡೆಸುವ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಒಂದೇ ದೂರಿಗೆ ಬಂದು ನಿಲ್ಲುತ್ತದೆ: ಓದುವವರು ಸಾವಿರಾರು ಮಂದಿ, ಬರುವ ದುಡ್ಡು ಗ್ಯಾಸ್ ಸಿಲಿಂಡರಿಗೂ ಸಾಲದು. ಅದಕ್ಕೆ ಹೆಚ್ಚಿನವರು ಕಂಡುಕೊಳ್ಳುವ ಮದ್ದು ಪುಟಕ್ಕೆ ಇನ್ನೂ ಎರಡು ಜಾಹೀರಾತು ಸೇರಿಸುವುದು. ನಾನೂ ಹಾಗೆ ಮಾಡಿದವನೇ. ಸಾರಿಗೆ ಕಡಿಮೆಯಾದದ್ದು ಉಪ್ಪೋ ಹುಳಿಯೋ ಎಂದು ನೋಡದೆ ಮೆಣಸಿನಪುಡಿ ಸುರಿದ ಹಾಗಾಯಿತು. ಜಾಹೀರಾತು ಹೆಚ್ಚಿತು, ಓದುಗರು ಅರ್ಧ ದಾರಿಯಲ್ಲೇ ಎದ್ದು ಹೋದರು.

ಮಲೆನಾಡಿನ ಅಡುಗೆಯ ಬ್ಲಾಗೊಂದನ್ನು ನಡೆಸುತ್ತಾ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ತಾಣಗಳಲ್ಲಿ ಜಾಹೀರಾತು ಹಾಕಿ ಹಣ ಕೊಡುವ ಗೂಗಲ್‌ನ ಸೇವೆಯಾದ ಆ್ಯಡ್‌ಸೆನ್ಸ್‌ನಲ್ಲಿ ಈಗಾಗಲೇ ಖಾತೆ ಇದ್ದು, ಆದಾಯ ತೆವಳುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಲೆಕ್ಕದ ಪುಸ್ತಕ ತೆಗೆಯಿರಿ

ಆ್ಯಡ್‌ಸೆನ್ಸ್ ವರದಿಯಲ್ಲಿ ಹತ್ತಾರು ಅಂಕಣಗಳಿವೆ. ನಿಮಗೆ ಬೇಕಾದದ್ದು ಮುಖ್ಯವಾಗಿ ಎರಡು: ಪುಟವೀಕ್ಷಣೆ ಮತ್ತು ಪುಟದ ಆರ್‌ಪಿಎಂ. ಸಾವಿರ ಪುಟವೀಕ್ಷಣೆಗೆ ಎಷ್ಟು ಗಳಿಕೆಯಾಯಿತು ಎಂಬುದೇ ಆರ್‌ಪಿಎಂ. ತಿಂಗಳಿಗೆ 20,000 ಪುಟವೀಕ್ಷಣೆಯಿಂದ 12 ಡಾಲರ್ ಬಂದಿದೆ ಎಂದಿಟ್ಟುಕೊಳ್ಳಿ. ನಿಮ್ಮ ಆರ್‌ಪಿಎಂ 60 ಸೆಂಟ್.

ಈಗ ಒಬ್ಬ ಓದುಗ ಸರಾಸರಿ 1.2 ಪುಟ ನೋಡುತ್ತಿದ್ದಾನೆ ಎನ್ನಿ. ಅದನ್ನು 1.5ಕ್ಕೆ ಏರಿಸಿದರೆ ಅಷ್ಟೇ ಓದುಗರಿಂದ 25,000 ಪುಟವೀಕ್ಷಣೆ ಸಿಗುತ್ತದೆ. ಜಾಹೀರಾತಿನ ಜಾಗ ಸರಿಪಡಿಸಿ ಆರ್‌ಪಿಎಂ 75 ಸೆಂಟ್ ಆದರೆ ಗಳಿಕೆ 18 ಡಾಲರ್ 75 ಸೆಂಟ್. ಹೊಸದಾಗಿ ಒಬ್ಬನೂ ಬರಲಿಲ್ಲ, ಆದಾಯ ಒಂದೂವರೆ ಪಟ್ಟಾಯಿತು. ಅಂಕಿಗಳು ಲೆಕ್ಕಕ್ಕೆಂದು ಇಟ್ಟುಕೊಂಡವು. ಆದರೆ ಇಬ್ಬರಿಗೆ ಒಂದೇ ಕಾಯಿಲೆ ಇರುವುದಿಲ್ಲ. ಕೆಲವರಿಗೆ ಓದುಗರೇ ಇಲ್ಲ, ಕೆಲವರಿಗೆ ಓದುಗರಿದ್ದಾರೆ ಆದರೆ ದರವಿಲ್ಲ, ಇನ್ನು ಕೆಲವರಿಗೆ ಎರಡೂ ಇದ್ದು ಜಾಹೀರಾತು ಯಾರ ಕಣ್ಣಿಗೂ ಬೀಳದ ಜಾಗದಲ್ಲಿದೆ. ನಿಮ್ಮದು ಯಾವುದು ಎಂದು ಗೊತ್ತಾಗುವವರೆಗೆ ಪುಟದ ವಿನ್ಯಾಸಕ್ಕೆ ಕೈ ಹಾಕಬೇಡಿ.

ಇನ್ನೊಂದು ಬದಲಾವಣೆಯನ್ನು ಹಳಬರೂ ಗಮನಿಸಿಲ್ಲ. ಆ್ಯಡ್‌ಸೆನ್ಸ್ 2003ರಲ್ಲಿ ಶುರುವಾದ ಮೇಲೆ ಬಹುಕಾಲ ಮುಖ್ಯವಾಗಿ ಕ್ಲಿಕ್‌ಗೆ ಹಣ ಕೊಡುತ್ತಿತ್ತು. 2023ರ ನವೆಂಬರಿನಲ್ಲಿ ಗೂಗಲ್ ಹೊಸ ಪದ್ಧತಿ ಪ್ರಕಟಿಸಿತು. 2024ರ ಆರಂಭದಿಂದ ಜಾಹೀರಾತಿನ ಪ್ರದರ್ಶನಕ್ಕೇ ಹಣ. ಹಾಗಾಗಿ ಕ್ಲಿಕ್ ಮಾಡಿಸುವ ಉಪಾಯಗಳನ್ನು ಹೇಳುವ ಹಳೆಯ ಪಾಠಗಳನ್ನೆಲ್ಲ ಪಕ್ಕಕ್ಕಿಡಿ. ನಿಮ್ಮ ಪುಟದ ಜಾಗ ಹರಾಜಿನಲ್ಲಿ ಮಾರಾಟವಾಗುತ್ತದೆ; ಜಾಹೀರಾತುದಾರರು ಅಲ್ಲಿ ದರ ಕೂಗುವಾಗ ನೋಡುವುದು ನಿಮ್ಮ ಪುಟದ ಜಾಹೀರಾತು ನಿಜವಾಗಿ ಕಣ್ಣಿಗೆ ಬೀಳುತ್ತದೆಯೇ ಎಂಬುದನ್ನೂ. ಜಾಹೀರಾತಿನ ಅರ್ಧ ಭಾಗ ಕನಿಷ್ಠ ಒಂದು ಸೆಕೆಂಡು ಪರದೆಯ ಮೇಲಿದ್ದರೆ ಮಾತ್ರ ಅದು ‘ಕಂಡ’ ಜಾಹೀರಾತು ಎಂದು ಈ ಉದ್ಯಮದ ಅಳತೆ. ಇದನ್ನು ತೋರಿಸುವ ‘ಆ್ಯಕ್ಟಿವ್ ವ್ಯೂ’ ಅಂಕಣ ವರದಿಯಲ್ಲೇ ಇದೆ.

ಖಾತೆಯ ಸಣ್ಣಪುಟ್ಟ ಕೆಲಸಗಳು

ಬೇಗ ಮುಗಿಸಿಬಿಡೋಣ. ತಾಣದ ಮೂಲ ಕಡತಕೋಶದಲ್ಲಿ ‘ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಒಂದು ಸಾಲಿನ ಕಡತ ಇರಬೇಕು. ನಿಮ್ಮ ಪುಟದ ಜಾಗವನ್ನು ಮಾರಲು ಯಾರಿಗೆ ಹಕ್ಕಿದೆ ಎಂದು ಅದು ಜಾಹೀರಾತುದಾರರಿಗೆ ಹೇಳುತ್ತದೆ. ಅದಿಲ್ಲದಿದ್ದರೆ ಕೆಲವರು ದರವನ್ನೇ ಕೂಗುವುದಿಲ್ಲ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಪರಿಶೀಲನೆಗೆ ಅಂಚೆಯಲ್ಲಿ ಆರಂಕಿಯ ಪಿನ್ ಬರುತ್ತದೆ. ಹಳ್ಳಿಯ ವಿಳಾಸವಾದರೆ ಮನೆಯ ಹೆಸರು, ಅಂಚೆ, ತಾಲ್ಲೂಕು ಎಲ್ಲವನ್ನೂ ಬರೆಯಿರಿ. ಖಾತೆಯಲ್ಲಿರುವ ಹೆಸರು ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿನೊಂದಿಗೆ ಅಕ್ಷರಶಃ ಹೊಂದಬೇಕು. ತಂದೆಯ ಹೆಸರಿನ ಇನಿಷಿಯಲ್ ಮುಂದೋ ಹಿಂದೋ ಎಂಬ ನಮ್ಮ ಹಳೆಯ ಗೊಂದಲ ಇಲ್ಲಿ ಕಾಡುತ್ತದೆ. 100 ಡಾಲರ್ ದಾಟಿದ ಮೇಲೆಯೇ ಪಾವತಿ, ಅದೂ ಮರುತಿಂಗಳ 21ರಿಂದ 26ರ ನಡುವೆ.

ನಿಮ್ಮನ್ನು ಓದುವವರು ಎಲ್ಲಿದ್ದಾರೆ

‘ಕನ್ನಡಕ್ಕೆ ದರ ಕಡಿಮೆ’ ಎಂಬ ಮಾತು ಅರ್ಧ ನಿಜ. ಜಾಹೀರಾತನ್ನು ಆರಿಸುವಾಗ ಪುಟದ ಭಾಷೆಯೊಂದೇ ಅಲ್ಲ, ಓದುಗ ಕುಳಿತಿರುವ ಊರೂ ಲೆಕ್ಕಕ್ಕೆ ಬರುತ್ತದೆ. ಹೋಳಿಗೆಯ ಅದೇ ಪುಟವನ್ನು ದಾವಣಗೆರೆಯಲ್ಲಿ ಒಬ್ಬರು, ನ್ಯೂಜೆರ್ಸಿಯಲ್ಲಿ ಒಬ್ಬರು ತೆರೆದರೆ ಇಬ್ಬರಿಗೂ ಕಾಣುವ ಜಾಹೀರಾತು ಬೇರೆ, ಅದರ ಬೆಲೆಯೂ ಬೇರೆ. ವರದಿಯನ್ನು ದೇಶವಾರು ಬಿಡಿಸಿ ನೋಡಿ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೊಲ್ಲಿ ದೇಶಗಳ ಓದುಗರು ಎಣಿಕೆಯಲ್ಲಿ ಕಡಿಮೆಯಿದ್ದರೂ ಗಳಿಕೆಯಲ್ಲಿ ಅವರ ಪಾಲು ದೊಡ್ಡದಿರುವುದನ್ನು ಕಾಣುತ್ತೀರಿ.

ಹಾಗಾದರೆ ಅವರಿಗೇನು ಬೇಕು? ಹೋಳಿಗೆ ಮಾಡುವ ಕ್ರಮ ಅವರ ಅಮ್ಮನಿಗೆ ಗೊತ್ತಿದೆ, ಫೋನಿನಲ್ಲಿ ಕೇಳಿಕೊಳ್ಳುತ್ತಾರೆ. ಅಮ್ಮನಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳು ಬೇರೆ. ಚಿರೋಟಿ ರವೆ ಸಿಗದಿದ್ದರೆ ಏನು ಮಾಡುವುದು? ಅಲ್ಲಿನ ಮೈದಾದಲ್ಲಿ ಕಣಕಕ್ಕೆ ನೀರು ಎಷ್ಟು? ವಿದ್ಯುತ್ ಒಲೆಯ ಮೇಲೆ ಕಾವಲಿಯ ಶಾಖವನ್ನು ಹೇಗೆ ಹಿಡಿತದಲ್ಲಿಡುವುದು? ಚಳಿಗಾಲದ ಅಡುಗೆಮನೆಯಲ್ಲಿ ದೋಸೆಹಿಟ್ಟು ಹುಳಿ ಬರಿಸುವುದು ಹೇಗೆ? ಈ ಕೊನೆಯ ಪ್ರಶ್ನೆಗೆ ಒಂದು ಒಳ್ಳೆಯ ಪುಟ ಬರೆದರೆ ವರ್ಷವಿಡೀ ದುಡಿಯುತ್ತದೆ. ಕಪ್ ಮತ್ತು ಗ್ರಾಂ ಎರಡರಲ್ಲೂ ಅಳತೆ ಕೊಡಿ. ‘ಪಾವು’ ಎಂದು ಬರೆದು ಬಿಟ್ಟರೆ ಬೆಂಗಳೂರಿನ ಮಕ್ಕಳಿಗೇ ತಿಳಿಯುವುದಿಲ್ಲ.

ಹೊರದೇಶದ ಓದುಗರಿಗಾಗಿ ಇನ್ನೊಂದು ಕೆಲಸವಿದೆ. ಯುರೋಪಿನ ಆರ್ಥಿಕ ವಲಯ ಮತ್ತು ಬ್ರಿಟನ್ನಿನ ಓದುಗರಿಗೆ ಜಾಹೀರಾತು ತೋರಿಸಲು 2024ರ ಜನವರಿ 16ರಿಂದ ಗೂಗಲ್ ಮಾನ್ಯ ಮಾಡಿದ ಒಪ್ಪಿಗೆ ಫಲಕ, ಅಂದರೆ ಓದುಗನ ಮಾಹಿತಿ ಬಳಸಲು ಅವನ ಅನುಮತಿ ಕೇಳುವ ಫಲಕ, ಕಡ್ಡಾಯ. ಅದಿಲ್ಲದಿದ್ದರೆ ಲಂಡನ್ನಿನ ಓದುಗನಿಂದ ಬರಬೇಕಾದ ದುಡ್ಡು ಬಹುಪಾಲು ಕೈಬಿಡುತ್ತದೆ. ಆ್ಯಡ್‌ಸೆನ್ಸ್‌ನ ‘ಪ್ರೈವಸಿ ಆ್ಯಂಡ್ ಮೆಸೇಜಿಂಗ್’ ವಿಭಾಗದಲ್ಲಿ ಉಚಿತವಾಗಿ ಸಿಗುವ ಫಲಕವನ್ನು ಹಾಕಿದರೆ ಸಾಕು.

ಎರಡನೇ ಪುಟ

ಈ ಲೇಖನದಲ್ಲಿ ಒಂದನ್ನೇ ಮಾಡಿ ಉಳಿದದ್ದು ಬಿಡುತ್ತೇನೆ ಎನ್ನುವವರು ಇದನ್ನು ಮಾಡಿ.

ಹುಡುಕಾಟದಿಂದ ಬಂದ ಓದುಗ ತನಗೆ ಬೇಕಾದದ್ದು ಸಿಕ್ಕ ಕೂಡಲೇ ಹೊರಡುತ್ತಾನೆ. ಅವನನ್ನು ತಡೆಯಲು ನಾವು ಪುಟದ ತುದಿಯಲ್ಲಿ ‘ಇವನ್ನೂ ಓದಿ’ ಎಂದು ಆರು ಚಿತ್ರಗಳನ್ನು ಇಡುತ್ತೇವೆ. ಅಲ್ಲಿಯವರೆಗೆ ಬರುವವರೇ ಕಡಿಮೆ. ಬಂದವರಿಗೂ ಪತ್ರೊಡೆಯ ಕೆಳಗೆ ಚಾಕೊಲೇಟ್ ಕೇಕ್ ಏಕೆ ಎಂದು ಅರ್ಥವಾಗುವುದಿಲ್ಲ. ಅಡುಗೆಮನೆಯಲ್ಲಿ ಮುಂದೆ ಏನಾಗುತ್ತದೆ ಎಂದು ಯೋಚಿಸಿ ಕೊಂಡಿ ಕೊಡಬೇಕು. ಹೋಳಿಗೆ ಮಾಡುವ ಮನೆಯಲ್ಲಿ ಬೇಳೆ ಬೇಯಿಸಿದ ಕಟ್ಟು ಉಳಿಯುತ್ತದೆ. ‘ಕಟ್ಟನ್ನು ಬಸಿದು ತೆಗೆದಿಡಿ’ ಎಂದು ಬರೆದ ಸಾಲಿನಲ್ಲೇ ಒಬ್ಬಟ್ಟಿನ ಸಾರಿನ ಕೊಂಡಿ ಇದ್ದರೆ ಓದುಗ ಅದನ್ನು ತೆರೆದೇ ತೆರೆಯುತ್ತಾನೆ, ಏಕೆಂದರೆ ಅವನ ಮುಂದೆ ಪಾತ್ರೆ ತುಂಬ ಕಟ್ಟು ಇದೆ. ಪತ್ರೊಡೆಗೆ ಕೆಸುವಿನ ಎಲೆ ಹೆಚ್ಚುವಲ್ಲಿ ಗಂಟಲು ತುರಿಸದಂತೆ ಎಲೆ ಆರಿಸುವುದು ಹೇಗೆ ಎಂಬ ಪುಟದ ಕೊಂಡಿ. ಬೆಂದ ಪತ್ರೊಡೆ ಉಳಿದರೆ ಮರುದಿನ ಒಗ್ಗರಣೆ ಹಾಕಿ ಹುರಿಯುವ ಪುಟದ ಕೊಂಡಿ. ಹೀಗೆ ಪುಟಗಳು ಮನೆಯ ಕೋಣೆಗಳಂತೆ ಒಂದರಿಂದ ಇನ್ನೊಂದಕ್ಕೆ ಬಾಗಿಲು ತೆರೆದಿರಬೇಕು.

ನಿಮ್ಮಲ್ಲಿ ಹೆಚ್ಚು ಓದುಗರಿರುವ ಹತ್ತು ಪುಟಗಳನ್ನು ಮೊದಲು ಹಿಡಿಯಿರಿ. ಒಂದೊಂದಕ್ಕೆ ಇಂಥ ಎರಡೋ ಮೂರೋ ಕೊಂಡಿ, ಪಾಕದ ನಡುವೆಯೇ. ಕೊಂಡಿ ಕೊಡಲು ಪುಟವೇ ಇಲ್ಲವೆಂದಾದರೆ ಮುಂದೆ ಬರೆಯಬೇಕಾದದ್ದು ಯಾವುದು ಎಂಬುದೂ ತಿಳಿಯಿತು.

ಹಿಟ್ಟು ಮೆತ್ತಿದ ಕೈಯಲ್ಲಿ ಮೊಬೈಲ್ ಮುಟ್ಟುವ ಓದುಗನ ಕಷ್ಟವನ್ನೂ ನೆನೆಯಿರಿ. ಪರದೆ ಆರಿಹೋಗುತ್ತದೆ, ಅವನು ಬೈದುಕೊಳ್ಳುತ್ತಾನೆ. ಅಡುಗೆ ಮುಗಿಯುವವರೆಗೆ ಪರದೆ ಆರದಂತೆ ತಡೆಯುವ ‘ವೇಕ್ ಲಾಕ್’ ಸೌಲಭ್ಯ ಈಗಿನ ಬ್ರೌಸರುಗಳಲ್ಲಿದೆ. ಬ್ಲಾಗಿಗೆ ಸೇರಿಸಿಕೊಳ್ಳುವ ಪಾಕವಿಧಾನದ ಹಲವು ಪ್ಲಗಿನ್‌ಗಳು ಅದಕ್ಕೊಂದು ಗುಂಡಿ ಕೊಡುತ್ತವೆ. ಹಾಕಿ ನೋಡಿ. ‘ಪುಟ ತೆರೆದೇ ಇರುತ್ತದಲ್ಲ, ಜಾಹೀರಾತು ಅರ್ಧ ನಿಮಿಷಕ್ಕೊಮ್ಮೆ ತಾನಾಗಿ ಬದಲಾಗುವಂತೆ ಮಾಡಿದರೆ’ ಎಂಬ ಆಸೆ ಹುಟ್ಟಬಹುದು. ಆ್ಯಡ್‌ಸೆನ್ಸ್ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ.

ಹಳೆಯ ಬರಹ, ಹಬ್ಬದ ಪಂಚಾಂಗ

ನಿಮ್ಮ ತಾಣ ಹುಡುಕಾಟದಲ್ಲಿ ಹೇಗೆ ಕಾಣುತ್ತದೆ ಎಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದು, ಹುಡುಕಾಟದಲ್ಲಿ ಸರಾಸರಿ 5ರಿಂದ 15ನೇ ಸ್ಥಾನದಲ್ಲಿರುವ ಪುಟಗಳನ್ನು ಪಟ್ಟಿ ಮಾಡಿ. ಇವು ಹಣ್ಣಾಗಲು ಎರಡು ದಿನ ಬಾಕಿಯಿರುವ ಬಾಳೆಗೊನೆ. ಹೊಸ ಬರಹಕ್ಕೆ ತಗಲುವ ಶ್ರಮದ ಕಾಲುಭಾಗದಲ್ಲಿ ಇವು ಮೇಲೇರುತ್ತವೆ. ಓದುಗರು ಯಾವ ಮಾತು ಟೈಪಿಸಿ ಅಲ್ಲಿಗೆ ಬಂದರು ಎಂಬುದನ್ನು ಅಲ್ಲೇ ನೋಡಿ. ನಮ್ಮ ಭಾಷೆಯ ಸೊಗಸು ಇಲ್ಲಿ ತಲೆನೋವಾಗುತ್ತದೆ: ಕರಾವಳಿ ಮತ್ತು ಉತ್ತರ ಕರ್ನಾಟಕದ ಹೋಳಿಗೆ ಮೈಸೂರಿಗೆ ಬಂದರೆ ಒಬ್ಬಟ್ಟು. ಮೆಂತೆ, ಮೆಂತ್ಯ, ಮೆಂತ್ಯೆ ಮೂರೂ ಚಾಲ್ತಿಯಲ್ಲಿವೆ. ಪತ್ರೊಡೆ ಕೆಲವರಿಗೆ ಪತ್ರಡೆ. ಒಂದೊಂದು ಹೆಸರಿಗೆ ಒಂದೊಂದು ಪುಟ ಮಾಡಿದರೆ ನಿಮ್ಮ ಪುಟಗಳೇ ಪರಸ್ಪರ ಕಾಲೆಳೆಯುತ್ತವೆ. ಒಂದೇ ಪುಟದ ಮೊದಲ ಪ್ಯಾರಾದಲ್ಲಿ ‘ನಮ್ಮ ಕಡೆ ಹೋಳಿಗೆ, ನಿಮ್ಮ ಕಡೆ ಒಬ್ಬಟ್ಟು’ ಎಂದು ಸಹಜವಾಗಿ ಬರಲಿ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿ ಹುಡುಕುವವರು ಬಹಳ; ಅವರಿಗಾಗಿ ಪುಟದ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿಡಿ. ಕನ್ನಡ ಲಿಪಿಯ ವಿಳಾಸವನ್ನು ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿಯಾಗುವುದೂ ಉಂಟು. ಆದರೆ ಈಗಾಗಲೇ ಪ್ರಕಟವಾದ ಪುಟದ ವಿಳಾಸವನ್ನು ಸುಮ್ಮನೆ ಬದಲಿಸಬೇಡಿ.

ಇನ್ನು ಕಾಲ. ಚೌತಿಯ ಹಿಂದಿನ ದಿನ ಕಡುಬಿನ ಪುಟ ಪ್ರಕಟಿಸುವವರನ್ನು ಕಂಡರೆ ನನಗೆ ಹಬ್ಬದ ದಿನ ಅಕ್ಕಿ ನೆನೆಹಾಕಿದವರ ನೆನಪಾಗುತ್ತದೆ. ಹುಡುಕಾಟ ಯಂತ್ರ ಪುಟವನ್ನು ಕಂಡು, ಅಳೆದು, ಮೇಲೆ ತರಲು ವಾರಗಳು ಬೇಕು. ಚೌತಿಯ ಕಡುಬು ಆಷಾಢದಲ್ಲೇ ಸಿದ್ಧವಾಗಲಿ, ದೀಪಾವಳಿಯ ಸಿಹಿ ನವರಾತ್ರಿಗೆ ಮೊದಲೇ, ಸಂಕ್ರಾಂತಿಯ ಎಳ್ಳುಬೆಲ್ಲ ನವೆಂಬರಿನಲ್ಲಿ. ಅದೇ ಪುಟವನ್ನು ವರ್ಷ ವರ್ಷ ಹೊಸ ಚಿತ್ರ, ಹೊಸ ಟಿಪ್ಪಣಿಯೊಂದಿಗೆ ಪರಿಷ್ಕರಿಸಿ. ವಿಳಾಸದಲ್ಲಿ ಇಸವಿ ಇರಬಾರದು. ಭಾರತದಲ್ಲಿ ದಸರೆಯಿಂದ ದೀಪಾವಳಿಯವರೆಗೆ ಜಾಹೀರಾತುದಾರರ ಕೈ ಧಾರಾಳ. ಅಮೆರಿಕದಲ್ಲಿ ನವೆಂಬರ್, ಡಿಸೆಂಬರ್. ನಿಮ್ಮ ಬಲವಾದ ಪುಟಗಳು ಆ ಹೊತ್ತಿಗೆ ಮೇಲಿರಬೇಕು.

ಮೊಬೈಲಿನಲ್ಲಿ ಗೂಗಲ್ ತಾನಾಗಿ ತೋರಿಸುವ ‘ಡಿಸ್ಕವರ್’ ಸಾಲಿನಿಂದ ಒಮ್ಮೊಮ್ಮೆ ಪ್ರವಾಹದಂತೆ ಓದುಗರು ಬರುತ್ತಾರೆ. ಅದಕ್ಕೆ ಕನಿಷ್ಠ 1,200 ಪಿಕ್ಸೆಲ್ ಅಗಲದ, ನೀವೇ ತೆಗೆದ ಒಳ್ಳೆಯ ಚಿತ್ರ ಇರಲಿ. ಪ್ರವಾಹ ಇಳಿದಾಗ ಎದೆಗುಂದಬೇಡಿ, ಅದರ ಸ್ವಭಾವವೇ ಹಾಗೆ.

ಇಂಗ್ಲಿಷ್ ಪಾಕಗಳನ್ನು ಯಂತ್ರಕ್ಕೆ ಕೊಟ್ಟು ದಿನಕ್ಕೆ ಇಪ್ಪತ್ತು ಕನ್ನಡ ಪುಟ ತೆಗೆಯುವವರೂ ಇದ್ದಾರೆ. ಒಗ್ಗರಣೆಯನ್ನು ‘ಹದಗೊಳಿಸುವಿಕೆ’ ಎಂದು ಬರೆದ ಪುಟವೊಂದನ್ನು ನಾನು ಕಂಡಿದ್ದೇನೆ. ಹುಡುಕಾಟದಲ್ಲಿ ಮೇಲೇರಲೆಂದೇ ರಾಶಿ ರಾಶಿ ಪುಟ ಸುರಿಯುವುದನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ನಿಷೇಧಗಳ ಪಟ್ಟಿಗೆ ಸ್ಪಷ್ಟವಾಗಿ ಸೇರಿಸಿತು. ಹುಡುಕಾಟದ ಪುಟದಲ್ಲೇ ಸಾರಾಂಶ ಸಿಗುವ ಈ ದಿನಗಳಲ್ಲಿ ನಿಮ್ಮ ಕೈ ಸುಟ್ಟುಕೊಂಡು ಕಲಿತದ್ದಕ್ಕೆ ಮಾತ್ರ ಓದುಗ ಬಾಗಿಲು ತಟ್ಟುತ್ತಾನೆ.

ಜಾಹೀರಾತನ್ನು ಎಲ್ಲಿಡಬೇಕು

ಮೊಬೈಲಿನ ಮೊದಲ ಪರದೆಯಲ್ಲಿ ಶೀರ್ಷಿಕೆಯೂ ಚಿತ್ರವೂ ಕಾಣಲಿ. ಕನ್ನಡದ ಶೀರ್ಷಿಕೆ ಸಣ್ಣ ಪರದೆಯಲ್ಲಿ ಸುಲಭವಾಗಿ ಮೂರು ಸಾಲು ಹಿಡಿಯುತ್ತದೆ. ಅದರ ಮೇಲೊಂದು ದೊಡ್ಡ ಜಾಹೀರಾತು ಕುಳಿತರೆ ಓದುಗನಿಗೆ ಪುಟವೇ ಕಾಣುವುದಿಲ್ಲ. ಮೊದಲನೆಯದು ಪೀಠಿಕೆಯ ನಂತರ, ಎರಡನೆಯದು ಸಾಮಗ್ರಿಗಳ ಪಟ್ಟಿಗೂ ವಿಧಾನಕ್ಕೂ ನಡುವೆ, ಮೂರನೆಯದು ವಿಧಾನದ ನಡುವಿನ ದೊಡ್ಡ ಚಿತ್ರದ ಬಳಿಕ. ನನ್ನ ಅನುಭವದಲ್ಲಿ ಸಾಮಗ್ರಿಗಳ ಕೆಳಗಿನ ಜಾಗವೇ ಚಿನ್ನ, ಏಕೆಂದರೆ ಓದುಗ ಡಬ್ಬಿಗಳನ್ನು ಹುಡುಕುವಾಗ ಪರದೆ ಅಲ್ಲೇ ನಿಂತಿರುತ್ತದೆ. ಪರದೆಯ ತಳಕ್ಕೆ ಅಂಟಿಕೊಳ್ಳುವ ‘ಆ್ಯಂಕರ್’ ಜಾಹೀರಾತು ಒಂದಿರಲಿ. ಪುಟದಿಂದ ಪುಟಕ್ಕೆ ಹೋಗುವಾಗ ಪರದೆ ತುಂಬ ಬರುವುದನ್ನು ನಾನು ತೆಗೆದುಹಾಕಿದ್ದೇನೆ. ಎರಡನೇ ಪುಟಕ್ಕೆ ಕರೆದು ಬಾಗಿಲಲ್ಲೇ ಅಡ್ಡ ನಿಲ್ಲುವುದು ನನಗೆ ಹಿಡಿಸಲಿಲ್ಲ. ನಿಮ್ಮ ಲೆಕ್ಕ ಬೇರೆ ಹೇಳಿದರೆ ಇಟ್ಟುಕೊಳ್ಳಿ.

ಗುಂಡಿಗಳ ಪಕ್ಕ ಜಾಹೀರಾತು ಬೇಡ. ‘ಪಾಕಕ್ಕೆ ಹೋಗಿ’ ಎಂಬ ಗುಂಡಿಯ ಕೆಳಗೇ ಇಟ್ಟರೆ ಬೆರಳು ತಪ್ಪಿ ತಾಗುತ್ತದೆ, ಅಂಥ ಕ್ಲಿಕ್‌ಗಳಿಂದ ಗಳಿಕೆಯಲ್ಲಿ ಕಡಿತವಾಗುತ್ತದೆ. ಮೊಬೈಲ್ ಪುಟದ ಉದ್ದದಲ್ಲಿ ಶೇ 30ಕ್ಕಿಂತ ಹೆಚ್ಚನ್ನು ಜಾಹೀರಾತು ಆವರಿಸಿದರೆ ಉತ್ತಮ ಜಾಹೀರಾತು ಒಕ್ಕೂಟದ (ಕೊಯಲಿಷನ್ ಫಾರ್ ಬೆಟರ್ ಆ್ಯಡ್ಸ್) ಮಾನದಂಡ ಮುರಿದಂತೆ. ಆ ಮಾನದಂಡಗಳನ್ನು ಪದೇ ಪದೇ ಮೀರುವ ತಾಣಗಳ ಎಲ್ಲ ಜಾಹೀರಾತನ್ನೂ ಕ್ರೋಮ್ ಬ್ರೌಸರ್ ತಡೆಯಬಲ್ಲದು.

ಬೇಡವಾದ ವರ್ಗಗಳನ್ನು ನಿರ್ಬಂಧಿಸುವ ಸೌಲಭ್ಯವಿದೆ. ಪವಾಡದ ಮದ್ದು, ವಶೀಕರಣ ಇಂಥವನ್ನು ಹಿಂದೆಮುಂದೆ ನೋಡದೆ ತೆಗೆಯಿರಿ. ಆದರೆ ‘ನನಗೆ ಇಷ್ಟವಿಲ್ಲ’ ಎಂದು ಮೂವತ್ತು ವರ್ಗ ತೆಗೆದರೆ ಹರಾಜಿನಲ್ಲಿ ಕೂಗುವವರೇ ಉಳಿಯುವುದಿಲ್ಲ.

ಬದಲಾವಣೆ ಒಂದು ಸಲಕ್ಕೆ ಒಂದೇ. ಎರಡು ವಾರ ಹಾಗೇ ಬಿಟ್ಟು, ಹಿಂದಿನ ಎರಡು ವಾರದೊಂದಿಗೆ ಹೋಲಿಸಿ. ನಡುವೆ ಹಬ್ಬ ಬಂದಿದ್ದರೆ ಆ ಹೋಲಿಕೆಗೆ ಬೆಲೆಯಿಲ್ಲ.

ವೇಗ

ಕನ್ನಡ ತಾಣಗಳನ್ನು ನಿಧಾನಗೊಳಿಸುವ ದೊಡ್ಡ ಆರೋಪಿ ಫಾಂಟ್. ಒತ್ತಕ್ಷರಗಳ ಕಾರಣದಿಂದ ಕನ್ನಡ ಫಾಂಟ್ ಕಡತ ಭಾರ. ಶೀರ್ಷಿಕೆಗೊಂದು, ಬರಹಕ್ಕೊಂದು, ದಪ್ಪಕ್ಷರಕ್ಕೊಂದು ಎಂದು ಮೂರು ಹಾಕಿದರೆ ಬಸ್ಸಿನಲ್ಲಿ ಕುಳಿತು ತೆರೆಯುವವನಿಗೆ ಪುಟ ಬರುವ ಮೊದಲೇ ನಿಲ್ದಾಣ ಬರುತ್ತದೆ. ಒಂದೇ ಫಾಂಟ್ ಇಟ್ಟುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿರುವುದನ್ನೇ ಬಳಸಿ. ಮುಖ್ಯ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್‌ನ ಅಳತೆ. ಜಾಹೀರಾತು ಬರುವ ಜಾಗಕ್ಕೆ ಎತ್ತರವನ್ನು ಮೊದಲೇ ಕಾದಿರಿಸಿ. ಇಲ್ಲವಾದರೆ ಓದುತ್ತಿರುವ ಸಾಲು ದಿಢೀರನೆ ಕೆಳಗೆ ಜಾರುತ್ತದೆ.

ನಿಮ್ಮ ಜಾಹೀರಾತನ್ನು ನೀವು ಒತ್ತಬೇಡಿ, ನೆಂಟರಿಗೂ ಹೇಳಬೇಡಿ. ಪ್ರೀತಿಯಿಂದ ದಿನಾ ಹತ್ತು ಸಲ ಒತ್ತುವ ಚಿಕ್ಕಪ್ಪನಿಂದ ಖಾತೆಯೇ ಮುಚ್ಚಬಹುದು.

ಊರಿನ ಅಂಗಡಿಯ ಜಾಹೀರಾತು

ಆ್ಯಡ್‌ಸೆನ್ಸ್ ತೋರಿಸುವ ದರಕ್ಕಿಂತ ನಿಮ್ಮ ಜಾಗದ ಬೆಲೆ ಹೆಚ್ಚಿರುವುದು ಇಲ್ಲಿ. ಗಾಣದ ಎಣ್ಣೆಯವರು, ಹಪ್ಪಳ ಸಂಡಿಗೆ ಮಾಡುವ ಮಹಿಳಾ ಗುಂಪು, ಕಾವಲಿ ಮಾರುವ ಪಾತ್ರೆ ಅಂಗಡಿ, ಕೊರಿಯರಿನಲ್ಲಿ ಸಾರಿನ ಪುಡಿ ಕಳಿಸುವವರು: ಇವರಿಗೆ ಲಕ್ಷ ಜನ ಬೇಕಿಲ್ಲ, ಅಡುಗೆ ಮಾಡುವ ಕನ್ನಡಿಗರು ಬೇಕು. ಒಂದು ಹಾಳೆಯಲ್ಲಿ ಬರೆದುಕೊಡಿ: ಯಾವ ಪುಟ, ಕಳೆದ ವರ್ಷ ಇದೇ ಋತುವಿನಲ್ಲಿ ಎಷ್ಟು ವೀಕ್ಷಣೆ, ಓದುಗರು ಯಾವ ಊರಿನವರು, ಜಾಹೀರಾತಿನ ಗಾತ್ರ, ಎಷ್ಟು ದಿನ, ಎಷ್ಟು ಹಣ. ಇಡೀ ತಾಣವನ್ನು ಮಾರಬೇಡಿ. ಕಡುಬು, ಮೋದಕ, ಪಂಚಕಜ್ಜಾಯದ ಪುಟಗಳನ್ನು ಚೌತಿಯ ತಿಂಗಳಿಗೆಂದು ಒಟ್ಟಿಗೆ ಕೊಡಿ. ಆ ಪುಟಗಳು ಅದೇ ಅವಧಿಯಲ್ಲಿ ಆ್ಯಡ್‌ಸೆನ್ಸ್‌ನಿಂದ ಎಷ್ಟು ತಂದವು ಎಂಬುದು ನಿಮ್ಮ ತಳದರ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಅರ್ಧ ಹಣ ಮುಂಗಡ ಕೇಳಲು ಸಂಕೋಚ ಬೇಡ. ಸಂಕೋಚಪಟ್ಟು ಒಂದು ಹಬ್ಬದ ಹಣ ಪೂರ್ತಿ ಕಳೆದುಕೊಂಡವನು ಹೇಳುತ್ತಿದ್ದೇನೆ.

ಆಹಾರ ಮಾರುವವರಾದರೆ ಅವರ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಕೇಳಿ ನೋಡಿಕೊಳ್ಳಿ. ಹಣ ಪಡೆದು ಹಾಕಿದ್ದರ ಮೇಲೆ ‘ಜಾಹೀರಾತು’ ಎಂದು ಕಾಣುವಂತೆ ಬರೆಯಿರಿ, ಕೊಂಡಿಗೆ ‘ಸ್ಪಾನ್ಸರ್ಡ್’ ಗುರುತು ಹಾಕಿ. ಹಾಕದಿದ್ದರೆ ಕೊಂಡಿ ಮಾರಿದಿರಿ ಎಂದು ಹುಡುಕಾಟದಲ್ಲಿ ಪೆಟ್ಟು ಬೀಳುತ್ತದೆ. ತಾಣ ಸ್ವಲ್ಪ ಹೆಸರು ಮಾಡಿದ ಕೂಡಲೇ ರಮ್ಮಿ, ಬೆಟ್ಟಿಂಗ್ ಆ್ಯಪ್‌ಗಳ ದಲ್ಲಾಳಿಗಳಿಂದ ಕಣ್ಣು ಕುಕ್ಕುವ ಮೊತ್ತದ ಮಿಂಚಂಚೆ ಬರಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನೂ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸುತ್ತದೆ. ಉತ್ತರಿಸದೆ ಅಳಿಸಿ.

ಬಂದದ್ದೆಲ್ಲ ತೆರಿಗೆಯ ಲೆಕ್ಕಕ್ಕೆ ಸೇರುವ ಆದಾಯ. ಡಾಲರಿನಲ್ಲಿ ಬಂದ ಹಣಕ್ಕೆ ಬ್ಯಾಂಕ್ ಕೊಡುವ ಕಾಗದ, ಅಂಗಡಿಗಳಿಗೆ ಕೊಟ್ಟ ಬಿಲ್ಲು, ಹೋಸ್ಟಿಂಗ್ ಮತ್ತು ಕ್ಯಾಮೆರಾದ ಖರ್ಚಿನ ರಸೀದಿ ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರಿಗೆ ತೋರಿಸಿ.

ಜನವರಿಯಲ್ಲಿ ಆರ್‌ಪಿಎಂ ಬೀಳುತ್ತದೆ. ಹಬ್ಬದ ಖರೀದಿ ಮುಗಿದು ಜಾಹೀರಾತುದಾರರು ಕೈ ಹಿಡಿದಿರುತ್ತಾರೆ. ಅದನ್ನು ಕಂಡು ಗಾಬರಿಯಾಗಿ ಡಿಸೆಂಬರಿನವರೆಗೆ ಚೆನ್ನಾಗಿ ನಡೆದ ಜೋಡಣೆಯನ್ನು ಕೆಡಿಸುವವರು ಬಹಳ. ಆ ತಿಂಗಳು ವರದಿಯನ್ನು ವಾರಕ್ಕೊಮ್ಮೆ ಮಾತ್ರ ತೆರೆಯಿರಿ. ಕಿಟಕಿಯಲ್ಲಿ ಒಳ್ಳೆಯ ಬೆಳಕು ಬರುವ ಕಾಲ ಅದು. ಬೇಳೆ ಬೇಯಿಸಿ, ಕಣಕ ಕಲೆಸಿ, ಯುಗಾದಿಯ ಹೋಳಿಗೆಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಿ. ಕಟ್ಟಿನ ಸಾರಿನದೂ ಎರಡು ಚಿತ್ರ ಇರಲಿ.